ಕಳಚುವಂತೆ ಕಟ್ಟುವುದು

ಮೊದಲು ಜೇಬು ಖಾಲಿ ಮಾಡಿ. ನಮ್ಮ ದಳಕ್ಕೆ ಹೊಸಬರು ಬಂದಾಗ ನಾನು ಆಡುತ್ತಿದ್ದ ಮೊದಲ ಮಾತು ಇದು. ಕೇಳಿದವರ ಮುಖ ಚಿಕ್ಕದಾಗುತ್ತಿತ್ತು. ಅಂಡಮಾನಿನಲ್ಲೋ ಗೋವಾದಲ್ಲೋ ಹವಳ ನೋಡಿ, ಬಣ್ಣದ ಮೀನುಗಳ ಜೊತೆ ಫೋಟೊ ಹೊಡೆಸಿಕೊಂಡು, ನೀರೊಳಗಿನ ಕೆಲಸವೆಂದರೆ ಇದೇ ಎಂದು ನಂಬಿ ಬಂದವರು ಅವರು. ಮೈತುಂಬ ಸಾಮಾನು ನೇತುಹಾಕಿಕೊಂಡೇ ಬರುತ್ತಿದ್ದರು. ಎರಡೆರಡು ಚಾಕು, ಟಾರ್ಚುಗಳು, ಸೀಟಿ, ದಿಕ್ಸೂಚಿ, ನೀರಿನಲ್ಲಿ ಬರೆಯುವ ಹಲಗೆ, ಕ್ಯಾಮೆರಾ. "ಏನಪ್ಪಾ, ದಿಬ್ಬಣಕ್ಕೆ ಹೊರಟಿದ್ದೀಯಾ?" ಎಂದು ಕೇಳಿ ಒಂದೊಂದನ್ನೇ ಕಳಚಿಸಿ ನೆಲದ ಮೇಲಿಡಿಸುತ್ತಿದ್ದೆ. ಕೊನೆಗೆ ಅವನ ಮೈಮೇಲೆ ಉಳಿಯುತ್ತಿದ್ದದ್ದು ಒಂದು ಬೊಗಸೆಯಷ್ಟು ಸಾಮಾನು. ಆ ಬೊಗಸೆ ಸಾಮಾನನ್ನು ಮೈಮೇಲೆ ಎಲ್ಲಿ, ಹೇಗೆ ಇಟ್ಟುಕೊಳ್ಳಬೇಕು ಎಂದು ಕಲಿಸುವುದು ನನ್ನ ಕೆಲಸವಾಗಿತ್ತು.

ನಾನು ಹೊನ್ನಾವರದ ಕಡೆಯವನು, ಖಾರ್ವಿ. ನೌಕಾಪಡೆಯಲ್ಲಿ ಡೈವಿಂಗ್ ಕಲಿತು, ಆಮೇಲೆ ದೆಹಲಿಗೆ ಬಂದು, ವಿಪತ್ತು ರಕ್ಷಣೆಯ ಒಂದು ಪಡೆಯಲ್ಲಿ ನಿವೃತ್ತಿಯವರೆಗೂ ಡೈವರ್ ಆಗಿದ್ದೆ. ಕೊನೆಯ ವರ್ಷಗಳಲ್ಲಿ ಡೈವರ್‌ಗಳಿಗೆ ಉಸ್ತಾದ್ ಆಗಿದ್ದೆ. ತೋಳಿನ ಮೇಲೆ ಯಾವಾಗ ಯಾವ ಪಟ್ಟಿ ಏರಿತು ಎನ್ನುವುದು ನನ್ನ ಹೆಂಡತಿಗೇ ನೆನಪಿಲ್ಲ, ನಿಮಗೆ ಬೇಕಾಗಿಯೂ ಇಲ್ಲ. ಈಗ ಮಯೂರ್ ವಿಹಾರದ ಸೊಸೈಟಿಯೊಂದರಲ್ಲಿ ಇದ್ದೇವೆ. ನಗರಕ್ಕೆ ಹೋಗಬೇಕಾದಾಗ ಮೆಟ್ರೊ ಯಮುನೆಯನ್ನು ದಾಟುತ್ತದೆ. ನಾನು ಆಗ ಕಿಟಕಿಗೆ ಬೆನ್ನು ಮಾಡಿ ನಿಲ್ಲುತ್ತೇನೆ.

ಈಚೆಗೆ ನಮ್ಮ ಕಡೆಯ ಹುಡುಗ ಹುಡುಗಿಯರು ಈ ಕೆಲಸಕ್ಕೆ ಸೇರುತ್ತಿದ್ದಾರೆ. ಕಾರವಾರದ ಹುಡುಗಿಯೊಬ್ಬಳು ಫೋನ್ ಮಾಡಿ, "ಸರ್, ಟ್ರೈನಿಂಗ್‌ಗೆ ಹೋಗೋ ಮುಂಚೆ ಏನೇನು ತಗೋಬೇಕು?" ಎಂದು ಕೇಳಿದಳು. ಏನೂ ತಗೋಬೇಡ ಎಂದೆ. ಅವಳಿಗೆ ಸಮಾಧಾನವಾಗಲಿಲ್ಲ. ಅವಳಿಗೂ ಅವಳಂಥವರಿಗೂ ಇದನ್ನು ಬರೆಯುತ್ತಿದ್ದೇನೆ. ಇನ್ನೊಂದು ಕಾರಣವೂ ಇದೆ. ಚೇತನ್ ಎಂಬ ನಮ್ಮ ಹುಡುಗ ಹೇಗೆ ಸತ್ತ ಎನ್ನುವುದನ್ನೂ, ಅವನು ಸತ್ತ ಮೇಲೆ ಅವನ ಹೆಸರಿನ ಮುಂದೆ ಬರೆದ ಒಂದು ಪದವನ್ನು ಅಳಿಸಲು ನಾವು ಪಟ್ಟ ಪಾಡನ್ನೂ ಯಾರಾದರೂ ಕನ್ನಡದಲ್ಲಿ ಹೇಳಬೇಕು. ಬೇರೆ ಭಾಷೆಗಳಲ್ಲಿ ವರದಿ ಬರೆದು ನನಗೆ ಸಾಕಾಗಿದೆ.

ಮೊದಲು ನೀರಿನ ವಿಷಯ. ದೆಹಲಿಯ ಯಮುನೆಯಲ್ಲಿ ಕಣ್ಣಿಗೆ ಕೆಲಸವಿಲ್ಲ. ತಲೆ ಮುಳುಗಿದ ಕೂಡಲೇ ಕಪ್ಪು. ನಿಮ್ಮ ಕೈಯನ್ನೇ ಮುಖವಾಡಕ್ಕೆ ಒತ್ತಿಕೊಂಡರೂ ಕಾಣುವುದಿಲ್ಲ. ಎಲ್ಲವನ್ನೂ ಬೆರಳಿನಿಂದ ತಿಳಿಯಬೇಕು. ಸೇತುವೆಯ ಮೇಲೆ ಕಾರು ನಿಲ್ಲಿಸಿ ಜನ ಪೂಜೆಯ ಸಾಮಾನನ್ನು ಪ್ಲಾಸ್ಟಿಕ್ ಚೀಲದ ಸಮೇತ ಎಸೆಯುತ್ತಾರೆ. ದೇವಿಗೆ ಹೊದಿಸುವ ಜರಿಯಂಚಿನ ಕೆಂಪು ಚುನ್ನಿ, ದೇವರ ಪಟ, ಒಡೆದ ಗಾಜು, ನೈಲಾನ್ ಹಾರ. ಆಗಸ್ಟ್ ತಿಂಗಳಲ್ಲಿ ಗಾಜಿನ ಪುಡಿ ಹಚ್ಚಿದ ಗಾಳಿಪಟದ ಮಾಂಜಾ ದಾರ ನೀರಿಗೆ ಬಿದ್ದು, ಬೆರಳಿಗೆ ಗೊತ್ತೇ ಆಗದಷ್ಟು ಸಣ್ಣಗೆ ಹರಡಿಕೊಂಡಿರುತ್ತದೆ. ನನ್ನ ಮೊದಲ ವರ್ಷವೇ ಒಂದು ಚುನ್ನಿ ಸಿಲಿಂಡರಿನ ಕೊರಳಿಗೆ ಸುತ್ತಿ ನನ್ನನ್ನು ತಳಕ್ಕೆ ಕಟ್ಟಿಹಾಕಿತ್ತು. ಯಾರೋ ತಾಯಿ ಹರಕೆ ತೀರಿಸಿ ಎಸೆದದ್ದು. ಕತ್ತರಿಸಿಕೊಂಡು ಮೇಲೆ ಬಂದೆ, ದಡದಲ್ಲಿ ಕೂತು ವಾಂತಿ ಮಾಡಿದೆ.

ಆ ಕಾಲದಲ್ಲಿ ನಮಗೆ ಕೊಡುತ್ತಿದ್ದದ್ದು ಗಾಳಿ ತುಂಬುವ ದಪ್ಪ ಜಾಕೆಟ್. ಅದರ ತುಂಬ ಜೇಬು, ಕೊಕ್ಕೆ. ಜೇಬು ಇದ್ದರೆ ಮನುಷ್ಯ ತುಂಬದೆ ಬಿಡುತ್ತಾನೆಯೇ? ರೋಹ್ತಕ್ ಕಡೆಯ ಜಗಬೀರ್ ಎಂಬ ನನ್ನ ಜೊತೆಗಾರನಂತೂ ಒಂದು ಹಾರ್ಡ್‌ವೇರ್ ಅಂಗಡಿಯನ್ನೇ ಹೊತ್ತುಕೊಂಡು ಇಳಿಯುತ್ತಿದ್ದ. ಇಕ್ಕಳ, ಸ್ಪ್ಯಾನರ್, ಹಗ್ಗದ ತುಂಡು, ಒಮ್ಮೆ ನೋಡಿದರೆ ತಂಬಾಕಿನ ಡಬ್ಬಿ. "ನೀರೊಳಗೆ ತಂಬಾಕು ಯಾಕೋ?" ಎಂದರೆ, "ಕಾಮ್ ಆಯೇಗಾ, ಭಾಯಿ," ಎಂದು ನಗುತ್ತಿದ್ದ. ಎಲ್ಲಕ್ಕೂ ಅವನದು ಅದೇ ಉತ್ತರ, ಬೇಕಾಗುತ್ತದೆ. ಹಳೆಯ ಸೇತುವೆಯ ಕಂಬದ ಬುಡದಲ್ಲಿ ಕಬ್ಬಿಣದ ಸರಳೊಂದು ಅವನ ಜೇಬಿಗೇ ತೂರಿ ಅವನನ್ನು ಹಿಡಿದು ನಿಲ್ಲಿಸಿದ ದಿನ ಜೇಬನ್ನೇ ಹರಿದುಕೊಂಡು ಮೇಲೆ ಬಂದ. ಯಮುನೆಯಲ್ಲೂ ಜೇಬುಗಳ್ಳರಿದ್ದಾರೆ ಎಂದು ಬ್ಯಾರಕ್ಕಿನಲ್ಲಿ ತಿಂಗಳುಗಟ್ಟಲೆ ಅವನನ್ನು ಕಾಡಿದೆವು.

ನಗು ನಿಂತದ್ದು ಗಾಜಿಯಾಬಾದಿನ ಕಡೆಯ ಒಂದು ಕಾಲುವೆಯಲ್ಲಿ. ಹೊಸದಾಗಿ ಮದುವೆಯಾದ ಹೆಣ್ಣುಮಗಳು ಬಿದ್ದಿದ್ದಳು. ಬಿದ್ದಳೋ, ಹಾರಿದಳೋ, ತಳ್ಳಿದರೋ, ಅದು ಪೊಲೀಸರ ಕೆಲಸ. ಜಗಬೀರ್ ಅವಳನ್ನು ಹುಡುಕಿ ತಬ್ಬಿಹಿಡಿದ. ಆದರೆ ಅವನ ಪಕ್ಕದಲ್ಲಿ ಜೋತಾಡುತ್ತಿದ್ದ, ಜೊತೆಗಾರನ ಗಾಳಿ ಮುಗಿದರೆ ಕೊಡಲೆಂದಿದ್ದ ಹೆಚ್ಚುವರಿ ಉಸಿರುನಳಿಗೆ ಅವಳ ಉದ್ದ ಕೂದಲು ಸುತ್ತಿಕೊಂಡುಬಿಟ್ಟಿತು. ಬಿಡಿಸಲು ಹೋದಷ್ಟೂ ಬಿಗಿಯಿತು. ನಾನು ಇಳಿದು ಅವಳ ಜಡೆಯನ್ನು ಕತ್ತರಿಸಬೇಕಾಯಿತು. ದಡಕ್ಕೆ ತಂದಾಗ ಅವಳ ಅಣ್ಣ ಅಳಲಿಲ್ಲ. ತಂಗಿಯ ಕೂದಲಿನ ತುದಿಯನ್ನು ಕೈಯಲ್ಲಿ ಹಿಡಿದು, "ಇದನ್ನು ಯಾಕೆ ಕತ್ತರಿಸಿದಿರಿ?" ಎಂದು ಕೇಳಿದ. ನಮ್ಮ ನಳಿ ಜೋತಾಡುತ್ತಿತ್ತು, ಅದಕ್ಕೆ ಎಂದು ಹೇಳಲು ಬಾಯಿ ಬರಲಿಲ್ಲ. ಅಂದು ಸಂಜೆ ಜಗಬೀರ್ ತಾನಾಗಿಯೇ ತನ್ನ ಜಾಕೆಟ್ಟಿನ ಜೇಬುಗಳನ್ನೆಲ್ಲ ಹೊಲಿದು ಮುಚ್ಚಿದ.

ಕೆಲವು ವರ್ಷಗಳಲ್ಲಿ ಜಾಕೆಟ್ ಹೋಗಿ ಹೊಸ ಕ್ರಮ ಬಂತು. ನೀರೊಳಗಿನ ಗುಹೆಗಳಲ್ಲಿ ಇಳಿಯುವವರು ಕಂಡುಕೊಂಡ ಕ್ರಮವಂತೆ. ಬೆನ್ನಿಗೆ ಒಂದು ಉಕ್ಕಿನ ತಗಡು, ಅದಕ್ಕೆ ಭುಜ, ಸೊಂಟ ಸುತ್ತಿ ಬರುವ ಒಂದೇ ಉದ್ದನೆಯ ಪಟ್ಟಿ, ಪಟ್ಟಿಯ ಮೇಲೆ ಅಲ್ಲಲ್ಲಿ ಡಿ ಆಕಾರದ ಬಳೆ. ಅಷ್ಟೇ. ಜೇಬಿಲ್ಲ, ಮೆತ್ತೆಯಿಲ್ಲ. ನೋಡಿದವರು ಅರ್ಧ ಹೊಲಿದು ಬಿಟ್ಟಂತಿದೆ ಎಂದು ನಕ್ಕರು. ನನಗೆ ಮೊದಲ ಇಳಿತದಲ್ಲೇ ಅದರ ಬೆಲೆ ತಿಳಿಯಿತು. ಹೆಚ್ಚುವರಿ ಉಸಿರುನಳಿ ಗಲ್ಲದ ಕೆಳಗೆ, ಕೊರಳಿಗೆ ಹಾಕಿದ ರಬ್ಬರ್ ಬಳೆಯಲ್ಲಿ. ಚಾಕು ಹೊಟ್ಟೆಯ ಮೇಲೆ, ಯಾವ ಕೈಗಾದರೂ ಸಿಗುವ ಹಾಗೆ. ಗಾಳಿ ಎಷ್ಟು ಉಳಿದಿದೆ ಎಂದು ತೋರಿಸುವ ಗೇಜು ಎಡ ಸೊಂಟಕ್ಕೆ. ಟಾರ್ಚು ಬಲ ಭುಜದ ಬಳೆಗೆ. ಕಪ್ಪು ನೀರಿನಲ್ಲಿ ಟಾರ್ಚು ಯಾಕೆ ಎನ್ನಬೇಡಿ. ಗೇಜನ್ನು ಮುಖವಾಡಕ್ಕೆ ಒತ್ತಿ ಓದಲು ಅದು ಬೇಕು. ದಳದಲ್ಲಿ ಎಲ್ಲರಿಗೂ ಎಲ್ಲವೂ ಅದೇ ಜಾಗದಲ್ಲಿ. ನನ್ನ ಕೈ ನಿಮ್ಮ ಮೈಮೇಲೆ ಹುಡುಕಬೇಕಾಗಿ ಬಂದರೆ, ನನ್ನದೇ ಮೈ ಎನ್ನುವಂತೆ ಹುಡುಕಬೇಕು.

ಇದರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ದಾರ. ಟಾರ್ಚನ್ನು, ಅದನ್ನು ಬಳೆಗೆ ಸಿಕ್ಕಿಸುವ ಕ್ಲಿಪ್ಪಿಗೆ ಸೇರಿಸುವಾಗ ಲೋಹಕ್ಕೆ ಲೋಹ ಕೂಡಿಸಬಾರದು. ನಡುವೆ ನೈಲಾನ್ ದಾರದ ಒಂದು ಕುಣಿಕೆ ಇರಬೇಕು. ಕ್ಲಿಪ್ಪು ಕೆಸರು ತುಂಬಿ ತೆರೆಯದಿದ್ದರೆ, ತಂತಿಯೋ ಕೂದಲೋ ಸುತ್ತಿಕೊಂಡರೆ, ದಾರ ಕತ್ತರಿಸಿ ಸಾಮಾನನ್ನು ನದಿಗೇ ಬಿಟ್ಟು ಮೇಲೆ ಬರಬೇಕು. ಬಿಟ್ಟುಬರಲಾಗದ ಯಾವುದೂ ಮೈಮೇಲಿರಬಾರದು ಎಂದು ನಾನು ಹುಡುಗರ ಕಿವಿ ತೂತಾಗುವವರೆಗೆ ಹೇಳುತ್ತಿದ್ದೆ. ನಮ್ಮ ದಳದಲ್ಲಿ ಒಂದು ರೂಢಿಯೂ ಬೆಳೆಯಿತು. ನಿಮ್ಮ ದಾರದ ಗಂಟನ್ನು ನೀವು ಕಟ್ಟಿಕೊಳ್ಳುವಂತಿಲ್ಲ, ಜೊತೆಗಾರ ಕಟ್ಟಬೇಕು. ಕತ್ತರಿಸುವ ಹೊತ್ತು ಬಂದರೆ ಕತ್ತರಿಸುವವನು ಅವನೇ ಆಗಿರಬಹುದು, ಗಂಟು ಅವನ ಬೆರಳಿಗೆ ಗೊತ್ತಿರಬೇಕು. ಬ್ಯಾರಕ್ಕಿನ ಜಗಲಿಯಲ್ಲಿ ಸಾಲಾಗಿ ಕೂತು, ಲೈಟರಿನಿಂದ ದಾರದ ತುದಿ ಸುಡುತ್ತ, ಒಬ್ಬರಿಗೊಬ್ಬರು ಗಂಟು ಹಾಕಿಕೊಡುತ್ತಿದ್ದೆವು. ಮಲ್ಲಿಗೆ ಕಟ್ಟುವ ಹೆಂಗಸರ ಹಾಗೆ ಕಾಣುತ್ತಿದ್ದಿರಬೇಕು.

ಚೇತನ್ ಬಂದದ್ದು ಆ ಕಾಲದಲ್ಲಿ. ಅಪ್ಪ ವೆಂಕಟೇಶ ರಾಯರು ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಸೆಕ್ಷನ್ ಆಫೀಸರ್, ಕಿದ್ವಾಯಿ ನಗರದ ಕ್ವಾರ್ಟರ್ಸಿನಲ್ಲಿ ಮನೆ. ಹುಡುಗ ದೆಹಲಿಯಲ್ಲೇ ಹುಟ್ಟಿ ಬೆಳೆದವನು, ಕಾಲೇಜಿನಲ್ಲಿ ಈಜಿನ ಚಾಂಪಿಯನ್. ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಆಡುವಾಗ ಮಾತ್ರ ಅರ್ಧ ದಾರಿಯಲ್ಲಿ ಹಿಂದಿಗೆ ಹೊರಳುತ್ತಿದ್ದ. ಡ್ಯೂಟಿಯಲ್ಲಿ ಉಸ್ತಾದ್, ಉಳಿದ ಹೊತ್ತಿನಲ್ಲಿ ಅಂಕಲ್ ಎನ್ನುತ್ತಿದ್ದ. ಭಾನುವಾರ ನನ್ನನ್ನು ಮನೆಗೆ ಎಳೆದುಕೊಂಡು ಹೋಗುವನು. ಅವನ ತಾಯಿ ಸುಮಿತ್ರಕ್ಕ ಬಿಸಿಬೇಳೆ ಬಡಿಸುತ್ತ, "ಇವನಿಗೆ ಐಎಎಸ್ ಓದು ಅಂದೆ, ಇವನು ಚರಂಡಿಗೆ ಹಾರ್ತೀನಿ ಅಂತ ಹೊರಟ," ಎಂದು ನನ್ನ ಮುಂದೆ ಚಾಡಿ ಹೇಳುತ್ತಿದ್ದರು. "ಮಮ್ಮಿ, ಚರಂಡಿ ಅಲ್ಲ, ನದಿ. ಮತ್ಲಬ್... ಚರಂಡಿ ಥರಾ ಇದೆ, ಲೇಕಿನ್ ನದಿ," ಎಂದು ಅವನು ನಗುತ್ತಿದ್ದ.

ಅವನ ಕೈ ನಿಧಾನ. ಮುಖವಾಡಕ್ಕೆ ಕಪ್ಪು ಬಟ್ಟೆ ಕಟ್ಟಿ ನಾವು ದಾರ ಕತ್ತರಿಸುವ ಅಭ್ಯಾಸ ಮಾಡಿಸುತ್ತಿದ್ದೆವು. ಬೇರೆಯವರು ಅವಸರಕ್ಕೆ ಬಿದ್ದು ಪಟ್ಟಿಯನ್ನೂ, ಕೈಗವಸನ್ನೂ, ಒಮ್ಮೊಮ್ಮೆ ಪಕ್ಕದವನ ತೋಳನ್ನೂ ಗೀರುತ್ತಿದ್ದರು. ಚೇತನ್ ಮೊದಲು ಎಡ ಹೆಬ್ಬೆರಳಿನಿಂದ ದಾರವನ್ನು ಹುಡುಕಿ, ಒತ್ತಿಹಿಡಿದು, ಆ ಬೆರಳಿಗೆ ಆನಿಸಿ ಚಾಕು ಇಡುವನು. ಆಮೇಲೆ ಒಂದೇ ಎಳೆತ. "ಬಾಸುಮತಿ ಆರಿಸ್ತಿದ್ದಾನೆ," ಎಂದು ಜಗಬೀರ್ ಗೇಲಿ ಮಾಡಿದರೂ, ತನ್ನ ಗಂಟುಗಳನ್ನು ಅವನ ಕೈಯಲ್ಲೇ ಕಟ್ಟಿಸಿಕೊಳ್ಳುತ್ತಿದ್ದ. ನನಗೆ ಮಕ್ಕಳಿಲ್ಲ. ಆ ಹುಡುಗನ ಮೇಲೆ ನನಗೆ ಬಹಳ ಪ್ರೀತಿಯಿತ್ತು. ಅದನ್ನು ಅವನಿಗೆ ಹೇಳಿರಲಿಲ್ಲ, ಉಸ್ತಾದರು ಹೇಳುವುದಿಲ್ಲ.

ಆಮೇಲೆ ನಮಗೆ ಹೊಸ ಕಮಾಂಡೆಂಟ್ ಬಂದರು. ಅವರ ಹೆಸರು ಬೇಡ. ಒಳ್ಳೆಯ ಮನುಷ್ಯ ಎಂದು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಕಥೆಯಲ್ಲಿ ಒಬ್ಬ ಕೆಟ್ಟವನಿದ್ದಿದ್ದರೆ ನನಗೆ ಬರೆಯಲು ಸುಲಭವಾಗುತ್ತಿತ್ತು. ಅವರು ಪರ್ವತಾರೋಹಿ. ಹಿಮಾಲಯದಲ್ಲಿ ವರ್ಷಗಟ್ಟಲೆ ದುಡಿದವರು, ಹಿಮದಲ್ಲಿ ಎರಡು ಕಾಲ್ಬೆರಳು ಕಳೆದುಕೊಂಡವರು. ಹಳೆಯ ಹಗ್ಗವೊಂದು ತುಂಡಾಗಿ ಜೊತೆಗಾರ ಕಣ್ಣೆದುರಿಗೇ ಬಿದ್ದುಹೋದದ್ದನ್ನು ನೋಡಿದವರು. ನಮ್ಮ ಸಾಮಾನನ್ನು ಪರೀಕ್ಷಿಸಲು ಬಂದಾಗ ಕೆಸರು ಹಿಡಿದು ಕಪ್ಪಾಗಿದ್ದ ದಾರದ ಕುಣಿಕೆಯನ್ನು ಬೆರಳಿಗೆ ಹಾಕಿ ಎಳೆದು ನೋಡಿದರು. ಅವರ ಹಿಂದಿಯನ್ನು ಕನ್ನಡ ಮಾಡಿ ಬರೆಯುತ್ತೇನೆ.

"ಖಾರ್ವಿ, ಇದೇನು? ನನ್ನ ಹುಡುಗರ ಜೀವ ದಾರದ ಮೇಲೆ ನಿಂತಿದೆಯಾ?"

"ಹೌದು ಸಾಬ್. ಅದು ಬೇಕೆಂದೇ ಕಟ್ಟಿದ ದಾರ. ಕತ್ತರಿಸೋದಕ್ಕೆ."

"ಹಗ್ಗವೇ ಮೋಸ ಮಾಡಿದ್ದನ್ನು ನಾನು ನೋಡಿದ್ದೇನೆ. ಇನ್ನು ದಾರ!"

ನಾನು ವಿವರಿಸಿದೆ. ಬೆಟ್ಟದಲ್ಲಿ ಕಳಚಿದರೆ ಸಾವು, ನೀರಿನಲ್ಲಿ ಕಳಚದಿದ್ದರೆ ಸಾವು ಎಂದೆ. ಅವರು ತಾಳ್ಮೆಯಿಂದ ಕೇಳಿದರು, ನಂಬಲಿಲ್ಲ. ಕರೋಲ್ ಬಾಗಿನ ಅಂಗಡಿಯೊಂದರಿಂದ ಉಕ್ಕಿನ ಕೊಕ್ಕೆಗಳನ್ನು ತರಿಸಿದರು. ಬೆಟ್ಟ ಹತ್ತುವವರು ಬಳಸುವಂಥವು, ಬಾಯಿಯನ್ನು ಹೊರಗಿನಿಂದ ಒತ್ತಿದರೆ ಒಳಕ್ಕೆ ತೆರೆದು ತಾನೇ ಮುಚ್ಚಿಕೊಳ್ಳುವ ಜಾತಿ. ದಾರದ ಜಾಗದಲ್ಲಿ ಬೀಗದ ಕೈ ಗೊಂಚಲಿಗೆ ಹಾಕುವಂಥ ಗಟ್ಟಿ ಉಕ್ಕಿನ ಬಳೆ. ಆ ಕೊಕ್ಕೆಯಿಂದ ನನಗೆ ಇನ್ನೂ ಹೆದರಿಕೆಯಾಯಿತು. ತಂತಿಯೊಂದು ತಾಗಿದರೂ ಸಾಕು, ತಾನೇ ಬಾಯಿ ತೆರೆದು ನುಂಗಿಕೊಳ್ಳುತ್ತದೆ. ವಾಪಸ್ ಬಿಡುವುದಿಲ್ಲ.

ಕಮಾಂಡೆಂಟರು ಸುಮ್ಮನೆ ಕುರ್ಚಿಯಲ್ಲಿ ಕೂತು ಆಜ್ಞೆ ಕೊಟ್ಟವರಲ್ಲ. ತಾವೇ ನಮ್ಮ ಈಜುಕೊಳಕ್ಕೆ ಇಳಿದು, ಹೊಸ ಕೊಕ್ಕೆಯನ್ನು ಒಂದೇ ಕೈಯಲ್ಲಿ ತೆಗೆದು ಹಾಕಿ ತೋರಿಸಿದರು. "ನೋಡಿ, ನಿಮ್ಮ ದಾರ ಕತ್ತರಿಸೋದಕ್ಕಿಂತ ಬೇಗ." ಕೊಳದ ನೀರು ನೀಲಿ, ತಳದ ಹಂಚಿನ ಗೆರೆಗಳೂ ಕಾಣುತ್ತಿದ್ದವು. ನೋಡುತ್ತಿದ್ದವರು ಚಪ್ಪಾಳೆ ಹೊಡೆದರು. ಸಮವಸ್ತ್ರದ ಕೆಲಸದಲ್ಲಿ ಒಂದು ಸಲ ಬೇಡ ಎನ್ನಬಹುದು, ಎರಡನೆಯ ಸಲ ಬರೆದು ಕೊಡಬಹುದು, ಆಮೇಲೆ ಆಜ್ಞೆ ಆಜ್ಞೆಯೇ. ನಾನು ಎರಡನ್ನೂ ಮಾಡಿದೆ. ಒಂದು ಸಂಜೆ ಎಲ್ಲರ ದಾರಗಳನ್ನೂ ಬಿಚ್ಚಿ ಉಕ್ಕು ಹಾಕಿದೆವು. ಬಳೆಗೆ ಗಂಟು ಬೇಕಿಲ್ಲವಾದ್ದರಿಂದ ಜೊತೆಗಾರನೂ ಬೇಕಾಗಲಿಲ್ಲ, ಅವರವರದನ್ನು ಅವರವರೇ ಹಾಕಿಕೊಂಡರು. "ಅಂಕಲ್, ಚಮಕ್ ತಾ ಹೈ," ಎಂದು ಚೇತನ್ ಟಾರ್ಚನ್ನು ಎತ್ತಿ ತೋರಿಸಿದ. ಹೊಳೆಯುತ್ತಿತ್ತು, ನಿಜ.

ಆ ಚಳಿಗಾಲದ ಆರಂಭದಲ್ಲಿ, ಹಬ್ಬಗಳ ದಿನಗಳಲ್ಲಿ, ಯಮುನೆಯ ಒಂದು ಸ್ನಾನಘಟ್ಟದಿಂದ ಕರೆ ಬಂತು. ಸ್ನೇಹಿತರ ಜೊತೆ ಬಂದಿದ್ದ ವಿದ್ಯಾರ್ಥಿಯೊಬ್ಬ ಕಾಲು ಜಾರಿ ಬಿದ್ದಿದ್ದ. ನದಿಯಲ್ಲಿ ಮೂರ್ತಿ ಬಿಡಬಾರದೆಂದು ನಿಷೇಧ ಬಂದ ಮೇಲೂ ಅಲ್ಲಿ ಹಳೆಯ ಮೂರ್ತಿಗಳ ಅಸ್ಥಿಪಂಜರಗಳು ತಳದಲ್ಲಿ ಹಾಗೇ ಇದ್ದವು. ಮಣ್ಣು ಕರಗಿ ಹೋಗಿ, ಮರದ ಚೌಕಟ್ಟು ಮತ್ತು ಅದಕ್ಕೆ ಸುತ್ತಿದ ತಂತಿ ಉಳಿದಿತ್ತು. ನೀರಿನ ಮೇಲೆ ಬಿಳಿ ನೊರೆ, ಕಾರ್ಖಾನೆಗಳ ಕೃಪೆ. ನೊರೆ ಎಷ್ಟು ದಪ್ಪವಾಗಿತ್ತೆಂದರೆ ಕೆಳಗಿನಿಂದ ಬರುವ ಉಸಿರಿನ ಗುಳ್ಳೆ ಮೇಲೆ ಗುರುತು ಹತ್ತುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತು. ಚೇತನ್ ಇಳಿಯುವವನು, ಜಗಬೀರ್ ದೋಣಿಯಲ್ಲಿ ಅವನ ಹಗ್ಗ ಹಿಡಿದವನು. ತೊಂದರೆಯಾದರೆ ಇಳಿಯಲು ನಾನು ಪಕ್ಕದಲ್ಲಿ ಸಿದ್ಧನಾಗಿ ಕೂತಿದ್ದೆ.

ಜಗಬೀರ್ ಆಗಾಗ ಹಗ್ಗ ಜಗ್ಗಿ 'ಸರಿಯಿದ್ದೀಯಾ' ಎಂದು ಕೇಳುತ್ತಿದ್ದ. ಕೆಳಗಿನಿಂದ ಮರುಜಗ್ಗು ಬರುತ್ತಿತ್ತು. ಆಮೇಲೆ ಹಗ್ಗ ಎಲ್ಲೋ ಒಂದು ಚೌಕಟ್ಟಿಗೆ ಸಿಕ್ಕಿಕೊಂಡಿತು. ಹರಿವಿಗೆ ಚೌಕಟ್ಟು ತುಯ್ಯುತ್ತಿತ್ತು. ಆ ತುಯ್ತವೇ ಜಗಬೀರನ ಕೈಗೆ ಉತ್ತರದಂತೆ ತಿಳಿಯಿತು. ಮೂವತ್ತು ವರ್ಷ ಹಗ್ಗ ಹಿಡಿದ ಯಾರಿಗಾದರೂ ಹಾಗೇ ತಿಳಿಯುತ್ತಿತ್ತು. ಕೊನೆಗೆ ಅವನ ಮುಖ ಬದಲಾಯಿತು. "ಉಸ್ತಾದ್, ಯೇ ಚೇತನ್ ನಹೀಂ ಹೈ," ಎಂದ. ಇದು ಚೇತನ್ ಅಲ್ಲ. ನಾನು ದೋಣಿಯಂಚಿನಿಂದ ಹಿಂದಕ್ಕೆ ಉರುಳಿ ನೀರಿಗೆ ಬಿದ್ದೆ.

ಹಗ್ಗ ಹಿಡಿದು ಕೆಳಗೆ ಹೋದೆ. ಅದು ಒಂದು ಮರದ ತೊಲೆಯ ಕೆಳಗೆ ನುಸುಳಿ ಪಕ್ಕಕ್ಕೆ ತಿರುಗಿತ್ತು. ಅಲ್ಲಿಂದಾಚೆ ಒಂದು ಕಾಲು ಕೈಗೆ ಸಿಕ್ಕಿತು. ಕಾಲು ಒದೆಯಲಿಲ್ಲ. ನಾನು ಅವನ ಮೈಯನ್ನು ತಡವಿಕೊಂಡು ಮೇಲೆ ಹೋದೆ. ಸೊಂಟದ ಬಕಲ್ಲಿನ ಮೇಲೆ ತೊಲೆ ಒತ್ತಿ ಕೂತಿತ್ತು, ಬಿಚ್ಚುವಂತಿರಲಿಲ್ಲ. ಬಲ ಭುಜದಲ್ಲಿ ಉಕ್ಕಿನ ಕೊಕ್ಕೆ. ಅದು ಮೂರ್ತಿಯ ತಂತಿಯನ್ನು ಕಚ್ಚಿಕೊಂಡಿತ್ತು, ತಂತಿ ಟಾರ್ಚಿಗೂ ಸುತ್ತಿ ಬಿಗಿದಿತ್ತು. ರೂಢಿಬಲದಿಂದ ನನ್ನ ಬೆರಳು ದಾರ ಹುಡುಕಿತು. ನುಣ್ಣನೆಯ ಉಕ್ಕಿನ ಬಳೆ ಸಿಕ್ಕಿತು. ಆಗ ನೀರಿನೊಳಗೇ ನಾನು ಕೂಗಿದೆ ಎಂದು ಕಾಣುತ್ತದೆ, ಬಾಯಿಗೆ ಯಮುನೆ ಬಂತು. ಚಾಕು ತೆಗೆದು ಅವನ ಭುಜದ ಪಟ್ಟಿಗೆ ಇಟ್ಟೆ. ಪಟ್ಟಿ ಆಗಲೇ ಅರ್ಧ ತುಂಡಾಗಿತ್ತು. ಅವನೇ ಕತ್ತರಿಸಿದ್ದು. ಉಳಿದ ಅರ್ಧವನ್ನು ನಾನು ಕತ್ತರಿಸಿ ಅವನನ್ನು ಮೇಲೆ ತಂದೆ. ದೋಣಿಯಲ್ಲಿ ಜಗಬೀರ್ ಅವನ ಎದೆ ಒತ್ತುತ್ತಲೇ ಇದ್ದ, ಡಾಕ್ಟರು ಬಂದು ಅವನ ಕೈ ಹಿಡಿದು ನಿಲ್ಲಿಸುವವರೆಗೆ. ನಾವು ಹುಡುಕಲು ಹೋಗಿದ್ದ ವಿದ್ಯಾರ್ಥಿಯ ಶವ ಮರುದಿನ ಕೆಳಗಿನ ದಡದಲ್ಲಿ ತಾನಾಗಿಯೇ ತೇಲಿ ಬಂತು.

ವಿಚಾರಣೆ ನಡೆಯಿತು. ಬಂದವರು ಸಾಮಾನನ್ನೆಲ್ಲ ಮೇಜಿನ ಮೇಲೆ ಹರಡಿ ನೋಡಿದರು. ಸಿಲಿಂಡರ್ ಸರಿಯಾಗಿದೆ, ನಳಿ ಸರಿಯಾಗಿದೆ, ಕೊಕ್ಕೆ ಸರಿಯಾಗಿದೆ, ಬಳೆ ಮುರಿದಿಲ್ಲ. ಯಾವುದೂ ಮುರಿಯಲಿಲ್ಲ ಎನ್ನುವುದೇ ಅವನ ಸಾವಿಗೆ ಕಾರಣ ಎಂದು ನಾನು ಹೇಳಿದ್ದು ಅವರಿಗೆ ಹುಚ್ಚನ ಮಾತಿನಂತೆ ಕೇಳಿಸಿತು. ಅವನು ಅರ್ಧ ಕತ್ತರಿಸಿದ್ದ ಪಟ್ಟಿಯನ್ನು ತೋರಿಸಿ, ದಿಕ್ಕುತಪ್ಪಿ ಚಾಕು ಬೀಸಿದ್ದಾನೆ ಎಂದರು. ಉಪಕರಣಗಳು ಸುಸ್ಥಿತಿಯಲ್ಲಿದ್ದವು, ಡೈವರ್ ಗಾಬರಿಗೊಂಡು ಪ್ರಾಣ ಕಳೆದುಕೊಂಡ ಎಂದು ವರದಿಯಾಯಿತು. ಕಮಾಂಡೆಂಟರು ಅದಕ್ಕೆ ಸಹಿ ಹಾಕಿದರು. ಸುಳ್ಳೆಂದು ತಿಳಿದು ಹಾಕಲಿಲ್ಲ. ಉಕ್ಕು ಹಿಡಿದು ನಿಂತಿತ್ತು, ಬೆಟ್ಟದವರಿಗೆ ಅದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿರಲಿಲ್ಲ.

ಗಾಬರಿ ಎನ್ನುವ ಆ ಒಂದು ಪದ ವೆಂಕಟೇಶ ರಾಯರನ್ನು ತಿಂದುಹಾಕಿತು. ಜೀವಮಾನವಿಡೀ ಕಚೇರಿ ಕಾಗದಗಳ ನಡುವೆ ಬದುಕಿದ ಮನುಷ್ಯ. ಕಾಗದದಲ್ಲಿ ಬರೆದದ್ದು ಉಳಿಯುತ್ತದೆ, ಉಳಿದದ್ದೇ ನಿಜವಾಗುತ್ತದೆ ಎಂದು ಅವರಿಗಿಂತ ಚೆನ್ನಾಗಿ ಯಾರು ಬಲ್ಲರು? "ನನ್ನ ಮಗ ಹೆದರುಪುಕ್ಕಲ ಅಂತ ಸರಕಾರ ಬರೆದುಕೊಂಡಿದೆ, ಖಾರ್ವಿಯವರೇ," ಎಂದು ನನ್ನ ಕೈ ಹಿಡಿದು ಅತ್ತರು. "ಅವನು ಇಲ್ಲ. ಅವನ ಹೆಸರನ್ನಾದರೂ ಉಳಿಸಿಕೊಡಿ." ಸುಮಿತ್ರಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಅವರ ಮೌನವೂ ಅದೇ ದುಃಖ ಎಂದುಕೊಂಡು ನಾನು ಹೊರಟೆ.

ವಿಚಾರಣೆ ಮುಗಿದ ಮೇಲೆ ಅವನ ಸಾಮಾನು ನಮ್ಮ ಸ್ಟೋರಿಗೆ ವಾಪಸ್ ಬಂತು. ಅದನ್ನು ತೊಳೆದು ಒಣಗಿಸುವುದು ನನ್ನ ಕೆಲಸ. ಟಾರ್ಚಿನ ಬಳೆಯ ಕೆಸರನ್ನು ಉಜ್ಜುವಾಗ ಹೆಬ್ಬೆರಳಿಗೆ ಏನೋ ತಾಗಿತು. ಬೆಳಕಿಗೆ ಹಿಡಿದೆ. ಬಳೆಯಲ್ಲಿ ಒಂದು ಗೀರು. ಒಂದೇ ಗೀರು, ಆಳವಾದದ್ದು. ಚಾಕುವನ್ನು ಮತ್ತೆ ಮತ್ತೆ ಅದೇ ಜಾಗದಲ್ಲಿಟ್ಟು ಎಳೆದರೆ ಮಾತ್ರ ಬೀಳುವಂಥದು. ಆಚೆ ಈಚೆ ಒಂದು ಗೆರೆಯೂ ಜಾರಿರಲಿಲ್ಲ. ಅವನ ಎಡ ಕೈಗವಸನ್ನು ಹುಡುಕಿ ತೆಗೆದೆ. ಹೆಬ್ಬೆರಳಿನ ಪಕ್ಕ ರಬ್ಬರ್ ಸವೆದಿತ್ತು. ಪಟ್ಟಿಯ ಕಚ್ಚು ನೋಡಿದೆ, ಅದೂ ನೇರ, ಅಡಿಕೋಲು ಇಟ್ಟು ಎಳೆದಂತೆ. ಕತ್ತಲಲ್ಲಿ ಹುಡುಗ ಮೊದಲು ದಾರವಿರಬೇಕಾದ ಜಾಗಕ್ಕೆ ಕೈ ಹಾಕಿದ್ದ. ಬಳೆಯೆಂದು ತಿಳಿದೂ, ಹಲವು ಸುತ್ತಿನ ತಂತಿಗಿಂತ ಅದೊಂದನ್ನು ಕೊಯ್ಯುವುದೇ ಸುಲಭ ಎಂದು ಬಗೆದು ಅದಕ್ಕೇ ಚಾಕು ಇಟ್ಟಿದ್ದ. ಆಗದು ಎಂದು ಗೊತ್ತಾದ ಮೇಲೆ ಪಟ್ಟಿಗೆ ಹೋಗಿದ್ದ. ಅರ್ಧಕ್ಕೆ ಬಂದಾಗ ಗಾಳಿ ಮುಗಿದಿತ್ತು. ನಾನು ಸ್ಟೋರಿನ ನೆಲದ ಮೇಲೆ ಕೂತು ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಅತ್ತೆ.

ಬಳೆಯನ್ನು ಕಮಾಂಡೆಂಟರ ಮೇಜಿನ ಮೇಲಿಟ್ಟೆ. ಅವರು ಕನ್ನಡಕ ತೆಗೆದು, ಕಣ್ಣು ಮುಚ್ಚಿ, ಗೀರಿನ ಮೇಲೆ ಉಗುರು ಆಡಿಸಿದರು. ಲೋಹವನ್ನು ಬೆರಳಲ್ಲಿ ಓದುವುದು ಅವರಿಗೂ ಗೊತ್ತಿತ್ತು. "ಹೆದರಿದವನ ಕೈ ಹೀಗೆ ನಡೆಯೋದಿಲ್ಲ," ಎಂದರು. ಆಮೇಲೆ, "ದಾರ ಇದ್ದಿದ್ದರೆ?" ಎಂದು ಕೇಳಿದರು.

"ಒಂದು ಎಳೆತ, ಸಾಬ್."

ಅವರು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. ಅವತ್ತೇ ಉಕ್ಕಿನ ಕೊಕ್ಕೆಗಳನ್ನೆಲ್ಲ ವಾಪಸ್ ತೆಗೆಸಿದರು. ವರದಿಯನ್ನು ಮತ್ತೆ ತೆರೆಸಲು ತಾವೇ ಮೇಲಿನವರಿಗೆ ಬರೆದರು, ತಪ್ಪು ತಮ್ಮ ಆಜ್ಞೆಯದೆಂದು ಬರೆದರು. ಅದರಿಂದ ಅವರ ನೌಕರಿಗೆ ಏನಾಯಿತೋ ಅದನ್ನು ಅನುಭವಿಸಿದರು, ಒಂದು ದಿನವೂ ದೂರಲಿಲ್ಲ. ನಾನು ಅವರನ್ನು ಕ್ಷಮಿಸಿದ್ದೇನೆಯೇ ಎಂದು ನೀವು ಕೇಳಬಹುದು. ಕೆಲವು ದಿನ ಹೌದು, ಕೆಲವು ದಿನ ಇಲ್ಲ.

ಹೊಸ ವರದಿ ಬಂತು. ಗಾಬರಿ ಎನ್ನುವ ಪದ ಹೋಯಿತು. ಡೈವರ್ ಕೊನೆಯ ಕ್ಷಣದವರೆಗೂ ಸ್ಥಿಮಿತದಿಂದ, ಕಲಿತ ಕ್ರಮದಂತೆಯೇ ನಡೆದುಕೊಂಡಿದ್ದ ಎಂದು ಬರೆದಿದ್ದರು. ಅದರ ಪ್ರತಿಯನ್ನು ಹಿಡಿದು ನಾನೇ ಕಿದ್ವಾಯಿ ನಗರಕ್ಕೆ ಹೋದೆ. ರಾಯರು ಎದ್ದುನಿಂತು ಅದನ್ನು ಗಟ್ಟಿಯಾಗಿ ಓದಿದರು. ಅವರ ಮುಖ ಅರಳಿತ್ತು. ನಾನು ಉತ್ಸಾಹದಲ್ಲಿ ಬಳೆಯ ಕಥೆಯನ್ನು ಪೂರ್ತಿ ಹೇಳಿದೆ. ಹೆಬ್ಬೆರಳು ಎಲ್ಲಿಟ್ಟ, ಚಾಕು ಹೇಗೆ ಆನಿಸಿದ, ಬಳೆ ಬಿಟ್ಟು ಪಟ್ಟಿಗೆ ಹೇಗೆ ಹೋದ, ಎಲ್ಲ. "ಕೇಳಿದೆಯೇನೇ? ನನ್ನ ಮಗ ಕೊನೇವರೆಗೂ ಗಟ್ಟಿಯಾಗಿದ್ದ," ಎಂದು ರಾಯರು ಹೆಂಡತಿಯ ಕಡೆ ತಿರುಗಿದರು.

ಸುಮಿತ್ರಕ್ಕ ನನ್ನ ಎದುರಿಗೆ ಕುರ್ಚಿ ಎಳೆದುಕೊಂಡು ಕೂತರು.

"ಖಾರ್ವಿಯವರೇ, ಒಂದು ಮಾತು ಕೇಳ್ತೀನಿ. ಉಕ್ಕಿನ ಮೇಲೆ ಅಷ್ಟು ಆಳ ಗೀರು ಬೀಳೋಕೆ ಹೊತ್ತು ಹಿಡಿಯುತ್ತೆ, ಅಲ್ವಾ?"

"ಈಗ ಅದೆಲ್ಲ ಯಾಕೆ ಸುಮಿತ್ರಾ?" ಎಂದರು ರಾಯರು.

"ನಾನು ಅವರನ್ನ ಕೇಳ್ತಿದೀನಿ."

"ಹಿಡಿಯುತ್ತೆ ಅಕ್ಕ," ಎಂದೆ. ಬೇರೆ ಏನು ಹೇಳಲಿ?

"ಅಂದ್ರೆ ಅಷ್ಟು ಹೊತ್ತೂ ಅವನಿಗೆ ಎಲ್ಲಾ ಗೊತ್ತಾಗ್ತಾ ಇತ್ತು."

ಆಗ ಮಾತ್ರ ನಾನು ಆ ಮನೆಗೆ ಏನನ್ನು ಹೊತ್ತು ತಂದಿದ್ದೇನೆ ಎನ್ನುವುದು ನನಗೆ ಹೊಳೆಯಿತು.

"ಗಾಬರಿ ಅಂತ ಬರೆದಿದ್ರಲ್ಲ," ಎಂದರು ಅವರು. ಅಳುತ್ತಿರಲಿಲ್ಲ. "ಇವರಿಗೆ ಅದು ಅವಮಾನ ಅನ್ನಿಸ್ತು. ನಾನು ಅಂದ್ಕೊಂಡಿದ್ದೆ, ಒಂದು ಸಲ ಬೆಚ್ಚಿಬಿದ್ದ, ನೀರು ಕುಡಿದ, ಮುಗೀತು ಅಂತ. ದಿನಾ ಮಲಗೋವಾಗ ಅದನ್ನೇ ಹೇಳ್ಕೊಳ್ತಿದ್ದೆ. ಬೇಗ ಮುಗೀತು, ಮಗೂಗೆ ಗೊತ್ತಾಗ್ಲಿಲ್ಲ ಅಂತ."

ರಾಯರು ಕಾಗದವನ್ನು ನಿಧಾನವಾಗಿ ಮಡಚಿದರು.

"ನೀವು ತಪ್ಪು ಮಾಡಿದ್ರಿ ಅಂತ ಅಲ್ಲ," ಎಂದು ಸುಮಿತ್ರಕ್ಕನೇ ಮುಂದುವರಿಸಿದರು. "ಕಲಿಯೋ ಮಕ್ಕಳಿಗೆ ಇದನ್ನ ಹೇಳಿ. ಬರೀರಿ ಬೇಕಾದ್ರೆ. ಅವರಾದ್ರೂ ವಾಪಸ್ ಬರಲಿ. ನನ್ನ ಮುಂದೆ ಮಾತ್ರ ಇನ್ನೊಂದ್ಸಲ ಹೇಳಬೇಡಿ."

ಅಷ್ಟು ಹೇಳಿ ಸುಮಿತ್ರಕ್ಕ ನನ್ನ ಮುಂದಿದ್ದ ಲೋಟವನ್ನು ಎತ್ತಿಕೊಂಡು ಒಳಗೆ ಹೋದರು. ಅದರಲ್ಲಿ ಕಾಫಿ ಇನ್ನೂ ಹಾಗೇ ಇತ್ತು.